ಮೊಬೈಲ್ ನಂಬರೇ ವೈಫೈ ಪಾಸ್‌ವರ್ಡ್ ಆಗಿದ್ದರೆ

ಮನೆಯ ವೈಫೈ ಭದ್ರತೆ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಬೇರು ಒಂದೇ ಕಡೆ ಇದೆ. ಕನೆಕ್ಷನ್ ಕೊಡಲು ಬಂದವರು ಅವತ್ತು ಬೇಗ ಕೆಲಸ ಮುಗಿಯಲೆಂದು ಮಾಡಿಹೋದ ಸೆಟ್ಟಿಂಗ್ ವರ್ಷಗಟ್ಟಲೆ ಹಾಗೇ ಉಳಿದುಬಿಟ್ಟಿದೆ.

ಫೈಬರ್ ಜೋಡಿಸಲು ಬಂದ ಹುಡುಗ ನನ್ನ ಮೊಬೈಲ್ ನಂಬರನ್ನೇ ವೈಫೈ ಪಾಸ್‌ವರ್ಡ್ ಮಾಡಿಕೊಟ್ಟ. ನೆನಪಿಡಲು ಸುಲಭ ಅಂತ ನಾನೂ ಬದಲಿಸಲಿಲ್ಲ. ಈಚೆಗೆ ರಾತ್ರಿ ಎಂಟರ ಮೇಲೆ ನೆಟ್ ತೀರಾ ನಿಧಾನ. ಅಕ್ಕಪಕ್ಕದವರು ಬಳಸುತ್ತಿದ್ದಾರೆಯೇ ಎಂದು ಪತ್ತೆ ಹಚ್ಚುವುದು ಹೇಗೆ?
— ಓದುಗರು, ವಿದ್ಯಾನಗರ, ದಾವಣಗೆರೆ

ಮೊದಲು ನಿಧಾನದ ವಿಚಾರ. ರಾತ್ರಿ ಹೊತ್ತು ನೆಟ್ ಎಳೆಯುವುದಕ್ಕೆ ಕಳ್ಳತನವೇ ಕಾರಣ ಆಗಬೇಕೆಂದೇನಿಲ್ಲ. ಮನೆಗೆ ಮನೆ ಅಂಟಿಕೊಂಡಿರುವ ಬೀದಿಯಲ್ಲಿ ಊಟದ ಹೊತ್ತಿಗೆ ಎಲ್ಲರ ಟಿವಿ, ಫೋನ್ ಒಟ್ಟಿಗೆ ಓಡುತ್ತವೆ. ವೈಫೈ ಓಡುವ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಬೀದಿಯ ರೂಟರ್‌ಗಳೆಲ್ಲ ಅಷ್ಟರಲ್ಲೇ ಹಂಚಿಕೊಳ್ಳಬೇಕು. ಹೀಗೆ ಪರೀಕ್ಷಿಸಿ: ರಾತ್ರಿ ಎಂಟೂವರೆಗೆ ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ನೇರ ರೂಟರ್‌ಗೆ ಜೋಡಿಸಿ, ಮನೆಯ ಮಿಕ್ಕ ಸಾಧನಗಳನ್ನು ಒಂದೈದು ನಿಮಿಷ ಆಫ್ ಮಾಡಿ ವೇಗ ನೋಡಿ. ಕೇಬಲ್‌ನಲ್ಲೂ ನಿಧಾನವಾದರೆ ದೋಷ ಕಂಪನಿಯ ಲೈನಿನದ್ದಾಗಿರಬಹುದು, ಇಲ್ಲವೇ ರೂಟರ್ ಮೂಲಕ ಬೇರೆ ಯಾರೋ ಎಳೆಯುತ್ತಿರಬಹುದು. ಕೇಬಲ್‌ನಲ್ಲಿ ಚೆನ್ನಾಗಿದ್ದು ವೈಫೈಯಲ್ಲಿ ಮಾತ್ರ ನಿಧಾನವೆಂದರೆ ಗಾಳಿಯಲ್ಲಿ ದಟ್ಟಣೆ ಇದೆ. ಆಗ ಟಿವಿ, ಫೋನ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಇನ್ನು ಯಾರ್‍ಯಾರು ಜೋಡಣೆಯಾಗಿದ್ದಾರೆ ಎಂಬ ಪಟ್ಟಿ. ರೂಟರ್‌ನ ಸೆಟ್ಟಿಂಗ್ ಪುಟದೊಳಗೆ (ಅಲ್ಲಿಗೆ ಹೋಗುವ ದಾರಿ ಮುಂದಿನ ಉತ್ತರದಲ್ಲಿದೆ) ‘ಕನೆಕ್ಟೆಡ್ ಡಿವೈಸಸ್’, ‘ಕ್ಲೈಂಟ್ ಲಿಸ್ಟ್’ ಅಥವಾ ‘ಡಿಎಚ್‌ಸಿಪಿ ಲಿಸ್ಟ್’ ಎಂಬ ಹೆಸರಲ್ಲಿ ಸಿಗುತ್ತದೆ. ಇದನ್ನು ಓದುವಾಗ ಬಹಳ ಜನ ಸುಮ್ಮನೆ ಗಾಬರಿಯಾಗುತ್ತಾರೆ. ಗೊತ್ತಿಲ್ಲದ ‘ಎಸ್ಪ್ರೆಸಿಫ್’ ಎಂಬ ಹೆಸರು ಕಂಡರೆ ಅದು ನಿಮ್ಮದೇ ಸ್ಮಾರ್ಟ್ ಬಲ್ಬೋ ಪ್ಲಗ್ಗೋ ಆಗಿರುವುದೇ ಹೆಚ್ಚು. ಆ ಕಂಪನಿಯ ಚಿಪ್ ಅಂಥ ಸಾಮಾನುಗಳಲ್ಲಿ ಇರುತ್ತದೆ. ಆಂಡ್ರಾಯ್ಡ್ 10 ಮತ್ತು ಐಫೋನ್‌ನ ಐಓಎಸ್ 14ರಿಂದೀಚೆಗೆ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸದ (ಪ್ರತಿ ಸಾಧನಕ್ಕೂ ಇರುವ ಗುರುತಿನ ನಂಬರ್) ಬದಲು ಕಟ್ಟಿಕೊಂಡ ವಿಳಾಸ ತೋರಿಸುತ್ತವೆ. ಹಾಗಾಗಿ ಫೋನಿನ ಬಾಕ್ಸ್ ಮೇಲಿರುವ ನಂಬರಿಗೂ ಪಟ್ಟಿಯಲ್ಲಿರುವುದಕ್ಕೂ ತಾಳೆಯಾಗದು. ನಿನ್ನೆ ಬಂದುಹೋದ ನೆಂಟರ ಫೋನ್ ಇವತ್ತೂ ಡಿಎಚ್‌ಸಿಪಿ ಪಟ್ಟಿಯಲ್ಲಿ ಕೂತಿರಬಹುದು, ಏಕೆಂದರೆ ಅದಕ್ಕೆ ಕೊಟ್ಟ ವಿಳಾಸದ ಅವಧಿ ಎಷ್ಟೋ ರೂಟರ್‌ಗಳಲ್ಲಿ 24 ಗಂಟೆ. ಸರಿಯಾದ ದಾರಿಯೆಂದರೆ ಮನೆಯ ಎಲ್ಲ ಸಾಧನಗಳ ವೈಫೈ ಆರಿಸಿ, ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಹತ್ತು ನಿಮಿಷ ಬಿಟ್ಟು ಕೇಬಲ್ ಮೂಲಕ ಪಟ್ಟಿ ನೋಡುವುದು. ಕೇಬಲ್‌ನಲ್ಲಿ ಜೋಡಿಸಿದವನ್ನು ಬಿಟ್ಟು ಆಗಲೂ ಬೇರೆ ಯಾವುದಾದರೂ ಹೆಸರು ಇದ್ದರೆ ಅದು ನಿಮ್ಮ ಮನೆಯದಲ್ಲ.

ಪಟ್ಟಿಯಲ್ಲಿ ಹೊರಗಿನವರು ಯಾರೂ ಇಲ್ಲದಿದ್ದರೂ ಪಾಸ್‌ವರ್ಡ್ ಮಾತ್ರ ಇವತ್ತೇ ಬದಲಿಸಿ. ನಿಮ್ಮ ನಂಬರ್ ಹಾಲಿನವರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರ ಬಳಿ ಇರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ನಂಬರ್ ಗೊತ್ತಿಲ್ಲದವನಿಗೂ ಇದು ಕಷ್ಟವಲ್ಲ. ಫೋನು ರೂಟರ್‌ಗೆ ಜೋಡಣೆಯಾಗುವಾಗ ಎರಡರ ನಡುವೆ ನಾಲ್ಕು ಸಂದೇಶ ಓಡಾಡುತ್ತವೆ. ಪಾಸ್‌ವರ್ಡ್ ಅದರಲ್ಲಿ ನೇರವಾಗಿ ಇರುವುದಿಲ್ಲ, ಆದರೆ ಊಹಿಸಿದ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ತಾಳೆ ನೋಡಲು ಬೇಕಾದಷ್ಟು ಮಾಹಿತಿ ಇರುತ್ತದೆ. ಬೀದಿಯಲ್ಲಿ ನಿಂತು ಆ ಸಂದೇಶಗಳನ್ನು ಹಿಡಿದಿಟ್ಟುಕೊಂಡವನು ತನ್ನ ಮನೆಗೆ ಹೋಗಿ ಆರಾಮಾಗಿ ಊಹೆ ಮಾಡುತ್ತಾ ಕೂರಬಹುದು. ನಿಮ್ಮ ರೂಟರ್‌ಗೆ ಇದರ ಸುಳಿವೇ ಸಿಗುವುದಿಲ್ಲ. ನಮ್ಮ ಮೊಬೈಲ್ ನಂಬರ್ ಶುರುವಾಗುವುದು 6, 7, 8, 9ರಿಂದ ಮಾತ್ರ. ಅಂದರೆ ಒಟ್ಟು ಸಾಧ್ಯತೆ 400 ಕೋಟಿ. ಇವತ್ತಿನ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದೇ ಸೆಕೆಂಡಿಗೆ 10 ಲಕ್ಷ ಊಹೆ ಮಾಡಬಲ್ಲದು. 4,000 ಸೆಕೆಂಡ್, ಅಂದರೆ ಒಂದು ಗಂಟೆ ಏಳು ನಿಮಿಷದಲ್ಲಿ ಅಷ್ಟೂ ನಂಬರ್ ಮುಗಿಯುತ್ತವೆ.

ಒಳ್ಳೆಯ ಪಾಸ್‌ವರ್ಡ್ ಎಂದರೆ ಬಾಯಿಗೆ ಬಾರದ ಚಿಹ್ನೆಗಳ ಸಾಲೇ ಆಗಬೇಕಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದ ಸಾಕು: ‘ಒರಳು ಕಂದೀಲು ಹುಣಸೆ ಜೋಳಿಗೆ ಸೋರೆ’ ಎಂಬಂತೆ. (ಇಲ್ಲಿ ಅಚ್ಚಾಗಿರುವುದನ್ನೇ ಬಳಸಬೇಡಿ.) ಪದಗಳನ್ನು ಮನಸ್ಸಿನಿಂದ ಆರಿಸಬೇಡಿ, ನಿಘಂಟು ತೆರೆದು ಕಣ್ಣು ಮುಚ್ಚಿ ಬೆರಳಿಡಿ. ಐದು ಸಾವಿರ ಪದಗಳ ನಡುವಿನಿಂದ ಹೀಗೆ ನಾಲ್ಕು ಎತ್ತಿದರೆ ಮೇಲೆ ಹೇಳಿದ ಕಾರ್ಡಿಗೆ ಎಲ್ಲವನ್ನೂ ಪರೀಕ್ಷಿಸಲು ಸುಮಾರು 20 ವರ್ಷ ಬೇಕು, ಐದು ಎತ್ತಿದರೆ ಲಕ್ಷ ವರ್ಷದ ಹತ್ತಿರ. ಹತ್ತು ಕಾರ್ಡ್ ಇಟ್ಟುಕೊಂಡವನಿಗೆ 20 ವರ್ಷ ಎರಡಕ್ಕೆ ಇಳಿಯುತ್ತದೆ, ಆದ್ದರಿಂದ ಐದು ಪದವೇ ಇರಲಿ. ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಕನ್ನಡ ಲಿಪಿಯನ್ನು ಹೆಚ್ಚಿನ ರೂಟರ್‌ಗಳು ಒಪ್ಪುವುದಿಲ್ಲ. ಒಟ್ಟು ಉದ್ದ 8ರಿಂದ 63 ಅಕ್ಷರದೊಳಗಿರಬೇಕು. ಊರಿನ ಹೆಸರು, ಬೆಣ್ಣೆದೋಸೆ, ಓಬವ್ವ, ಮಕ್ಕಳ ಹೆಸರು, ಅದರ ಹಿಂದೆ 123 — ನಮ್ಮ ಕಡೆಯ ವೈಫೈ ಮುರಿಯಲು ಕೂತವನು ಮೊದಲು ಹಾಕಿ ನೋಡುವುದೇ ಇವನ್ನು.

ಬದಲಿಸುವಾಗ ಆಗುವ ಸಾಮಾನ್ಯ ತಪ್ಪು ಒಂದಿದೆ. 2.4 ಮತ್ತು 5 ಗಿಗಾಹರ್ಟ್ಸ್‌ಗೆ ಎಷ್ಟೋ ರೂಟರ್‌ಗಳಲ್ಲಿ ಬೇರೆ ಬೇರೆ ಪುಟ ಇರುತ್ತದೆ. ಒಂದರಲ್ಲಿ ಬದಲಿಸಿ ‘ಆಯ್ತು’ ಅಂದುಕೊಂಡರೆ ಇನ್ನೊಂದರಲ್ಲಿ ಹಳೆಯ ನಂಬರೇ ಉಳಿದಿರುತ್ತದೆ. ಕಂಪನಿ ಕೊಡುವ ಫೈಬರ್ ಬಾಕ್ಸ್‌ಗಳಲ್ಲಿ ಎಸ್‌ಎಸ್‌ಐಡಿ 1, 2, 3, 4 ಎಂದು ನಾಲ್ಕು ವೈಫೈ ಹೆಸರಿಗೆ ಜಾಗ ಇರುವುದುಂಟು. ನಿಮಗೆ ಬೇಡದವು ಆನ್ ಆಗಿಲ್ಲ ಎಂದು ಒಂದೊಂದನ್ನೂ ತೆರೆದು ನೋಡಿ.

ಅನುಮತಿ ಇಲ್ಲದೆ ಬೇರೆಯವರ ನೆಟ್‌ವರ್ಕ್ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಅಡಿ ಬರುವ ವಿಷಯ. ಆದರೂ ಪಕ್ಕದ ಮನೆಯ ಹುಡುಗನಾದರೆ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

‘ರೂಟರ್ ಒಳಗೆ ಹೋಗಿ’ ಎಂದು ಎಲ್ಲರೂ ಹೇಳುತ್ತಾರೆ, ಹೋಗುವುದು ಹೇಗೆಂದು ಯಾರೂ ಹೇಳುವುದಿಲ್ಲ. ನಮ್ಮ ಬಾಕ್ಸ್ ತಳದ ಸ್ಟಿಕ್ಕರ್ ಅಳಿಸಿಹೋಗಿದೆ. ರೀಸೆಟ್ ಒತ್ತಿದರೆ ಸರಿಹೋಗುತ್ತದೆಯೇ?
— ಓದುಗರು, ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ

ರೀಸೆಟ್ ಒತ್ತಬೇಡಿ. ಕಂಪನಿ ಕೊಟ್ಟ ಫೈಬರ್ ಬಾಕ್ಸ್ ಆದರೆ ಅದರೊಳಗೆ ಕಂಪನಿಯ ಲೈನಿಗೆ ಲಾಗಿನ್ ಆಗಲು ಬೇಕಾದ ನಿಮ್ಮ ಕನೆಕ್ಷನ್‌ನ ಪಿಪಿಪಿಓಇ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಇರುತ್ತವೆ. ಸೂಜಿ ಚುಚ್ಚಿ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಅಷ್ಟೂ ಅಳಿಸಿಹೋಗಿ ನೆಟ್ ನಿಂತುಬಿಡಬಹುದು. ಆಮೇಲೆ ಅವರೇ ಬಂದು ಮತ್ತೆ ತುಂಬಿಸಬೇಕು, ಅವರು ಬರುವುದು ಯಾವಾಗಲೋ. ಅಂಗಡಿಯಲ್ಲಿ ನೀವೇ ಕೊಂಡ ರೂಟರ್ ಆದರೂ ಪಿಪಿಪಿಓಇ ವಿವರವನ್ನು ಮೊದಲು ಕಂಪನಿಗೆ ಫೋನ್ ಮಾಡಿ ಬರೆದಿಟ್ಟುಕೊಂಡೇ ರೀಸೆಟ್‌ಗೆ ಕೈಹಾಕಿ.

ಒಳಗೆ ಹೋಗುವುದು ಹೀಗೆ. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಎಂದು ಟೈಪ್ ಮಾಡಿದರೆ ‘ಡೀಫಾಲ್ಟ್ ಗೇಟ್‌ವೇ’ ಎದುರು ಒಂದು ವಿಳಾಸ ಬರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಹೆಸರಿನ ಪಕ್ಕದ ಗೇರ್ ಚಿಹ್ನೆ ಒತ್ತಿದರೆ ‘ಗೇಟ್‌ವೇ’ ಎಂದು ಸಿಗುತ್ತದೆ. ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಜಿಯೋ ಫೈಬರ್‌ನಲ್ಲಿ 192.168.29.1. ಅದನ್ನು ಬ್ರೌಸರ್‌ನ ವಿಳಾಸದ ಪಟ್ಟಿಯಲ್ಲಿ ಹಾಕಿ. ಗೂಗಲ್ ಹುಡುಕಾಟದ ಡಬ್ಬಿಯಲ್ಲಿ ಹಾಕಿದರೆ ಬೇರೆ ಯಾರದೋ ಪುಟಗಳು ಬರುತ್ತವೆ. ‘ಲಾಗಿನ್ ಸಹಾಯವಾಣಿ’ ಎಂದು ಅಲ್ಲಿ ಕಾಣುವ ನಂಬರಿಗೆ ಫೋನ್ ಮಾಡಬೇಡಿ. ಲಾಗಿನ್ ಹೆಸರು, ಪಾಸ್‌ವರ್ಡ್ ಬೇಕೆಂದು ನಿಮ್ಮ ಬಿಲ್ಲಿನಲ್ಲಿರುವ ಗ್ರಾಹಕ ಸೇವೆಗೆ ಕೇಳಿ. ಕೆಲವು ಕಂಪನಿಗಳು ‘ಯೂಸರ್’ ಹಂತದ ಲಾಗಿನ್ ಮಾತ್ರ ಕೊಡುತ್ತವೆ; ವೈಫೈ ಹೆಸರು, ಪಾಸ್‌ವರ್ಡ್ ಬದಲಿಸಲು ಹೆಚ್ಚಾಗಿ ಅಷ್ಟು ಸಾಕಾಗುತ್ತದೆ.

ಒಳಗೆ ಹೋದಮೇಲೆ ಮೊದಲ ಕೆಲಸ ಆ ಲಾಗಿನ್ ಪಾಸ್‌ವರ್ಡನ್ನೇ ಬದಲಿಸುವುದು. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೂಟರ್ ಪುಟದ ಬೀಗ. ಎರಡೂ ಬೇರೆ ಬೇರೆ ಇರಬೇಕು. ‘ಅಡ್ಮಿನ್, ಅಡ್ಮಿನ್’ ಎಂದೇ ಬಿಟ್ಟಿದ್ದರೆ ವೈಫೈಗೆ ಬಂದ ಯಾವ ಫೋನಿನಿಂದಲಾದರೂ, ಅಷ್ಟೇ ಏಕೆ, ಆ ಫೋನಿಗೆ ಹೊಕ್ಕ ಕೆಟ್ಟ ಆ್ಯಪಿನಿಂದಲೂ ರೂಟರ್‌ನ ಸೆಟ್ಟಿಂಗ್ ತಿರುಚಬಹುದು. ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ, ರೂಟರ್ ಮೇಲೆ ಅಂಟಿಸಬೇಡಿ.

ಆಮೇಲೆ ‘ರಿಮೋಟ್ ಮ್ಯಾನೇಜ್‌ಮೆಂಟ್’ ಆನ್ ಇದ್ದರೆ ಆಫ್ ಮಾಡಿ. ಹೊರಗಿನ ಇಂಟರ್ನೆಟ್‌ನಿಂದ ರೂಟರ್ ಪುಟ ತೆರೆಯಲು ಬಿಡುವ ಸೌಲಭ್ಯ ಅದು, ಮನೆಯಲ್ಲಿ ಬೇಕಾಗುವುದಿಲ್ಲ. ‘ಟಿಆರ್-069’ ಎಂದು ಬೇರೆ ಒಂದು ಇರುತ್ತದೆ. ಕಂಪನಿಯವರು ದೂರದಿಂದ ಬಾಕ್ಸ್ ನೋಡಿಕೊಳ್ಳುವುದು ಅದರಿಂದ, ಮುಟ್ಟಬೇಡಿ. ಅದರ ನಂತರ ಡಬ್ಲ್ಯುಪಿಎಸ್ ಆಫ್ ಮಾಡಿ. ಬಟನ್ ಒತ್ತಿದರೆ ಪಾಸ್‌ವರ್ಡ್ ಇಲ್ಲದೆ ಜೋಡಿಸಿಕೊಡುವ ಈ ಸೌಲಭ್ಯದಲ್ಲಿ 8 ಅಂಕಿಯ ಪಿನ್ ಕೂಡ ಇದೆ. ಎಂಟು ಅಂಕಿ ಎಂದರೆ 10 ಕೋಟಿ ಸಾಧ್ಯತೆ ಇರಬೇಕಿತ್ತು. ಆದರೆ ರೂಟರ್ ಮೊದಲ ನಾಲ್ಕು ಅಂಕಿ ಸರಿಯೇ ಎಂಬುದನ್ನು ಬೇರೆಯಾಗಿ ಹೇಳಿಬಿಡುತ್ತದೆ, ಕೊನೆಯ ಅಂಕಿ ಬರೀ ಮೊದಲ ಏಳರಿಂದ ಲೆಕ್ಕ ಹಾಕಬಹುದಾದ ತಾಳೆಯ ಅಂಕಿ. ಹಾಗಾಗಿ ಉಳಿಯುವುದು 10,000 ಮತ್ತು 1,000, ಒಟ್ಟು 11,000 ಊಹೆ. 2011ರಲ್ಲೇ ಇದು ಬಯಲಾಯಿತು. ಪಿನ್ ಸಿಕ್ಕಿದವನಿಗೆ ರೂಟರೇ ನಿಮ್ಮ ಐದು ಪದದ ಪಾಸ್‌ವರ್ಡನ್ನು ಕೊಟ್ಟುಬಿಡುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ಶ್ರಮವೆಲ್ಲ ಈ ಒಂದು ಗುಂಡಿಯಿಂದ ನೀರಲ್ಲಿ ಹೋಮವಾಗುತ್ತದೆ, ಆದ್ದರಿಂದ ಮರೆಯಬೇಡಿ.

ಬದಲಾವಣೆಗಳನ್ನು ಆದಷ್ಟೂ ಕೇಬಲ್ ಹಾಕಿದ ಕಂಪ್ಯೂಟರಿನಿಂದ ಮಾಡಿ. ವೈಫೈ ಮೂಲಕವೇ ಮಾಡಿದರೆ ‘ಸೇವ್’ ಒತ್ತಿದ ತಕ್ಷಣ ಸಂಪರ್ಕ ಕಡಿದುಹೋಗಿ, ಉಳಿಯಿತೋ ಇಲ್ಲವೋ ಗೊತ್ತಾಗದೆ ಪೇಚಾಡಬೇಕಾಗುತ್ತದೆ.

ಯಾರೋ ಹೇಳಿದರೆಂದು ಡಬ್ಲ್ಯುಪಿಎ3 ಹಾಕಿದೆವು. ಪ್ರಿಂಟರ್ ಮತ್ತು ಹಳೆಯ ಟಿವಿ ಜೋಡಣೆಯಾಗುವುದೇ ನಿಂತಿತು. ಹಿಂದಕ್ಕೆ ಹೋಗಬೇಕೇ?
— ಓದುಗರು, ಮಂಡಿಪೇಟೆ, ದಾವಣಗೆರೆ

ಪೂರ್ತಿ ಹಿಂದಕ್ಕೆ ಬೇಡ. (ಡಬ್ಲ್ಯುಪಿಎ ಎಂದರೆ ವೈಫೈಗೆ ಬೀಗ ಹಾಕುವ ವಿಧಾನ; 2 ಹಳೆಯದು, 3 ಹೊಸದು.) ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಎಂಬ ಮಿಶ್ರ ಆಯ್ಕೆ ಇದ್ದರೆ ಅದನ್ನು ಹಾಕಿ. ಹೊಸ ಫೋನ್‌ಗಳು 3ರಲ್ಲಿ, ಪ್ರಿಂಟರ್ 2ರಲ್ಲಿ ಜೋಡಣೆಯಾಗುತ್ತವೆ. ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ, ಅದಕ್ಕೂ ಹಿಂದಿನ ಪ್ರಿಂಟರ್, ಟಿವಿಗಳಿಗೆ ಅದರ ಪರಿಚಯವೇ ಇಲ್ಲದಿರುವುದು ಸಹಜ. ಮಿಶ್ರದಲ್ಲೂ ಪ್ರಿಂಟರ್ ಹಟ ಮಾಡಿದರೆ ಕಾರಣ ಸಾಮಾನ್ಯವಾಗಿ ಸಂಪರ್ಕದ ನಿಯಂತ್ರಣ ಸಂದೇಶಗಳನ್ನು ಕಾಯುವ ‘ಪಿಎಂಎಫ್’ ಎಂಬ ಸೆಟ್ಟಿಂಗ್. ಅದು ‘ರಿಕ್ವೈರ್ಡ್’ ಎಂದಿದ್ದರೆ ‘ಕೇಪಬಲ್’ ಅಥವಾ ‘ಆಪ್ಷನಲ್’ ಮಾಡಿ. ಇಷ್ಟಾದರೂ ಬಗ್ಗದಿದ್ದರೆ ಗೆಸ್ಟ್ ನೆಟ್‌ವರ್ಕನ್ನು (ನೆಂಟರಿಗೆಂದು ರೂಟರ್ ಕೊಡುವ ಪ್ರತ್ಯೇಕ ವೈಫೈ) ಡಬ್ಲ್ಯುಪಿಎ2ರಲ್ಲಿಟ್ಟು ಹಳೆಯ ಟಿವಿಯನ್ನು ಅಲ್ಲಿಗೆ ಸಾಗಿಸಿ. ಪ್ರಿಂಟರ್ ಮಾತ್ರ ಗೆಸ್ಟ್‌ನಲ್ಲಿಟ್ಟರೆ ಮನೆಯ ಕಂಪ್ಯೂಟರಿಗೆ ಕಾಣಿಸದು. ಅದಕ್ಕೆ ಯುಎಸ್‌ಬಿ ಕೇಬಲ್ ಹಾಕುವುದೇ ಮೇಲು.

ಡಬ್ಲ್ಯುಪಿಎ3ರ ದೊಡ್ಡ ಉಪಕಾರವೆಂದರೆ ಸಂದೇಶ ಹಿಡಿದುಕೊಂಡು ಮನೆಗೆ ಹೋಗಿ ಊಹಿಸುವ ದಾರಿಯನ್ನು ಅದು ಮುಚ್ಚುತ್ತದೆ. ಪ್ರತಿ ಊಹೆಗೂ ರೂಟರನ್ನೇ ಕೇಳಬೇಕಾಗುತ್ತದೆ. ಆದರೆ ಮಿಶ್ರ ಸ್ಥಿತಿಯಲ್ಲಿ ಡಬ್ಲ್ಯುಪಿಎ2ರ ಬಾಗಿಲೂ ತೆರೆದೇ ಇರುತ್ತದೆ, ಪಾಸ್‌ವರ್ಡ್ ಗಟ್ಟಿ ಇರಲೇಬೇಕು.

ಡಬ್ಲ್ಯುಪಿಎ2 ಹಾಕುವಾಗ ಪಕ್ಕದಲ್ಲಿ ‘ಎಇಎಸ್’ ಎಂದಷ್ಟೇ ಆರಿಸಿ. ‘ಟಿಕೆಐಪಿ’ ಹಳೆಯದು, ದುರ್ಬಲ. ಅದರ ಜೊತೆಗೆ ವೇಗವೂ 54 ಎಂಬಿಪಿಎಸ್‌ಗೆ ಇಳಿಯುತ್ತದೆ. ನೂರು, ಇನ್ನೂರರ ಪ್ಲಾನ್‌ಗೆ ದುಡ್ಡು ಕಟ್ಟಿ ಇದೊಂದರಿಂದ ಅರ್ಧವೂ ಪಡೆಯದವರಿದ್ದಾರೆ. ‘ಡಬ್ಲ್ಯುಇಪಿ’ ಎಂಬ ಆಯ್ಕೆ ಕಂಡರೆ ಹತ್ತಿರವೂ ಹೋಗಬೇಡಿ, 2001ರಿಂದಲೇ ಅದು ಮುರಿದುಬಿದ್ದಿದೆ.

ವೈಫೈ ಹೆಸರು ಕಾಣಿಸದಂತೆ ಬಚ್ಚಿಟ್ಟು, ಮ್ಯಾಕ್ ಫಿಲ್ಟರ್ ಹಾಕಿದ್ದೇನೆ. ಪಾಸ್‌ವರ್ಡ್ ಸಣ್ಣದಿದ್ದರೂ ನಡೆಯುತ್ತದಲ್ಲವೇ?
— ಓದುಗರು, ಹೊಸದುರ್ಗ

ನಡೆಯುವುದಿಲ್ಲ. ಹೆಸರು ಬಚ್ಚಿಟ್ಟರೂ ಫೋನ್ ಜೋಡಣೆಯಾಗುವಾಗ ಆ ಹೆಸರನ್ನು ಗಾಳಿಯಲ್ಲಿ ಹೇಳಲೇಬೇಕು. ಅದಕ್ಕಿಂತ ಕೆಟ್ಟದ್ದು, ಬಚ್ಚಿಟ್ಟ ನೆಟ್‌ವರ್ಕ್ ಉಳಿಸಿಕೊಂಡ ಫೋನು ಬಸ್ ನಿಲ್ದಾಣದಲ್ಲೂ ‘ಆ ಹೆಸರಿನವರು ಇದ್ದೀರಾ’ ಎಂದು ಕೂಗುತ್ತಾ ಹೋಗುತ್ತದೆ. ಮ್ಯಾಕ್ ಫಿಲ್ಟರ್ ಪಟ್ಟಿಯಲ್ಲಿರುವ ಮ್ಯಾಕ್ ವಿಳಾಸಗಳನ್ನಷ್ಟೇ ಒಳಗೆ ಬಿಡುತ್ತದೆ. ಆದರೆ ಆ ವಿಳಾಸ ಎಷ್ಟು ಗಟ್ಟಿ ಗೂಢಲಿಪಿ ಹಾಕಿದರೂ ಬಯಲಲ್ಲೇ ಓಡಾಡುತ್ತದೆ, ಅದನ್ನು ನಕಲು ಮಾಡಿಕೊಳ್ಳುವುದು ಒಂದು ನಿಮಿಷದ ಕೆಲಸ. ಎರಡೂ ತೆಗೆದುಹಾಕಿ, ಗಟ್ಟಿ ಪಾಸ್‌ವರ್ಡ್ ಇಡಿ. ಮನೆಯವರ ಹೆಸರು, ಮನೆ ನಂಬರ್ ವೈಫೈ ಹೆಸರಿನಲ್ಲಿ ಬೇಡ. ಹಾಗೆಂದು ಕಂಪನಿ ಇಟ್ಟ ಹೆಸರನ್ನೂ ಬಿಡಬೇಡಿ: ಡಬ್ಲ್ಯುಪಿಎ2ರಲ್ಲಿ ಪಾಸ್‌ವರ್ಡಿನ ಜೊತೆ ವೈಫೈ ಹೆಸರನ್ನೂ ಸೇರಿಸಿಯೇ ಕೀಲಿ ತಯಾರಾಗುತ್ತದೆ, ಸಾವಿರಾರು ಮನೆಯಲ್ಲಿರುವ ಹೆಸರಿಗೆ ಮೊದಲೇ ಲೆಕ್ಕ ಮಾಡಿಟ್ಟ ಪಟ್ಟಿಗಳು ಓಡಾಡುತ್ತವೆ.

ಅಡಿಕೆ ಒಣಗಿಸುವ ಕಣಕ್ಕೆ ನಾಲ್ಕು ಕ್ಯಾಮೆರಾ ಹಾಕಿಸಿದ್ದೇವೆ. ಊರಿಗೆ ಹೋದಾಗಲೂ ಫೋನಿನಲ್ಲಿ ನೋಡಲೆಂದು ಹಾಕಿಕೊಟ್ಟವರು ರೂಟರ್‌ನಲ್ಲಿ ಏನೋ ‘ಪೋರ್ಟ್’ ತೆರೆದಿದ್ದಾರೆ. ಇದರಿಂದ ತೊಂದರೆ ಇದೆಯೇ?
— ಓದುಗರು, ಚನ್ನಗಿರಿ ತಾಲ್ಲೂಕು

ಇದೆ, ಈ ಸಂಚಿಕೆಯ ಪ್ರಶ್ನೆಗಳಲ್ಲಿ ನಮಗೆ ಹೆಚ್ಚು ಆತಂಕ ತಂದದ್ದು ಇದೇ. ಕಣದಲ್ಲಿ ಎಷ್ಟು ಅಡಿಕೆ ಇದೆ, ರಾತ್ರಿ ಯಾರು ಮಲಗುತ್ತಾರೆ, ಮನೆಗೆ ಯಾವಾಗ ಬೀಗ ಬೀಳುತ್ತದೆ ಎಂಬುದೆಲ್ಲ ಆ ಕ್ಯಾಮೆರಾದಲ್ಲಿ ಕಾಣುತ್ತದೆ. ಪೋರ್ಟ್ ತೆರೆಯುವುದು ಎಂದರೆ ಇಂಟರ್ನೆಟ್‌ನಲ್ಲಿರುವ ಯಾರೇ ಆದರೂ ನಿಮ್ಮ ಡಿವಿಆರ್‌ನ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ಲಾಗಿನ್ ಪುಟದವರೆಗೆ ಬರಬಹುದು. ಅಲ್ಲಿಂದ ಒಳಗೆ ಬರದಂತೆ ತಡೆಯುವುದು ಅದರ ಪಾಸ್‌ವರ್ಡ್ ಒಂದೇ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಹಿಡಿದದ್ದು ಕಾರ್ಖಾನೆಯಿಂದ ಬಂದ ಅರವತ್ತರಷ್ಟು ಲಾಗಿನ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿಯೇ.

ತೆರೆದಿದೆಯೇ ಎಂದು ನೋಡಲು ಮನೆಯ ವೈಫೈಗೆ ಜೋಡಿಸಿದ ಕಂಪ್ಯೂಟರಿನಲ್ಲಿ ‘ವಾಟ್ ಈಸ್ ಮೈ ಐಪಿ’ ಎಂದು ಹುಡುಕಿ ಸಿಗುವ ವಿಳಾಸ ಬರೆದುಕೊಳ್ಳಿ. ರೂಟರ್‌ನ ‘ಪೋರ್ಟ್ ಫಾರ್ವರ್ಡಿಂಗ್’ ಅಥವಾ ‘ವರ್ಚುವಲ್ ಸರ್ವರ್’ ಪುಟದಲ್ಲಿರುವ ನಂಬರ್‌ಗಳನ್ನೂ ಬರೆದುಕೊಳ್ಳಿ. 80, 554, 8000, 37777 ಸಾಮಾನ್ಯ. ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಆ ವಿಳಾಸದ ಕೊನೆಗೆ ಕೋಲನ್ ಚಿಹ್ನೆ ಇಟ್ಟು 80 ಹಾಕಿ ತೆರೆಯಿರಿ. ಲಾಗಿನ್ ಪುಟ ಬಂದರೆ ಅದು ಲೋಕಕ್ಕೆಲ್ಲ ಬರುತ್ತದೆ. ಪುಟ ಬರಲಿಲ್ಲವೆಂದು ನೆಮ್ಮದಿಪಡಬೇಡಿ, ಮಿಕ್ಕ ಪೋರ್ಟ್‌ಗಳು ಬ್ರೌಸರಿನಲ್ಲಿ ಕಾಣುವಂಥವಲ್ಲ.

ಸರಿಪಡಿಸುವುದು ಹೀಗೆ: ಪೋರ್ಟ್ ಫಾರ್ವರ್ಡಿಂಗ್‌ನ ಸಾಲುಗಳನ್ನು ಅಳಿಸಿ. ಒಂದು ಸಾಧನವನ್ನು ಪೂರ್ತಿ ಹೊರಗೆ ತೆರೆದಿಡುವ ‘ಡಿಎಂಜೆಡ್’ ಆನ್ ಇದ್ದರೆ ಆಫ್ ಮಾಡಿ. ಯುಪಿಎನ್‌ಪಿಯನ್ನು ರೂಟರ್‌ನಲ್ಲೂ ಡಿವಿಆರ್‌ನಲ್ಲೂ ಆರಿಸಿ. ಇದನ್ನು ಬಿಟ್ಟರೆ ನೀವು ಮುಚ್ಚಿದ ಪೋರ್ಟನ್ನು ಡಿವಿಆರ್ ತಾನೇ ರೂಟರ್‌ಗೆ ಹೇಳಿ ಮತ್ತೆ ತೆರೆಸಿಕೊಳ್ಳುತ್ತದೆ. ‘ಒಮ್ಮೆ ಮುಚ್ಚಿದ್ದೆ, ಮತ್ತೆ ಹೇಗೆ ತೆರೆಯಿತು’ ಎಂಬ ಗೊಂದಲಕ್ಕೆ ಹೆಚ್ಚಾಗಿ ಇದೇ ಕಾರಣ. ಊರಿನಿಂದ ನೋಡಲು ಡಿವಿಆರ್ ಕಂಪನಿಯ ಆ್ಯಪ್‌ನಲ್ಲಿ ಪಿ2ಪಿ ಅಥವಾ ಕ್ಲೌಡ್ ಎಂಬ ದಾರಿ ಬಳಸಿ. ಅದರಲ್ಲಿ ಡಿವಿಆರ್ ಒಳಗಿನಿಂದ ಹೊರಗೆ ಸಂಪರ್ಕಿಸುತ್ತದೆ, ಪೋರ್ಟ್ ತೆರೆದಿಡಬೇಕಾಗಿಲ್ಲ. ಡಿವಿಆರ್‌ನ ಪಾಸ್‌ವರ್ಡ್ ಹಾಕಿಕೊಟ್ಟವರಿಗೆ ಗೊತ್ತಿರುತ್ತದೆ, ಅದನ್ನೂ ಬದಲಿಸಿ, ಬಳಕೆದಾರರ ಪಟ್ಟಿಯಲ್ಲಿ ಇನ್ನೊಂದು ಹೆಸರು ಉಳಿದಿದೆಯೇ ನೋಡಿ. ಆ್ಯಪ್‌ನಲ್ಲೂ ಯಾರ ಖಾತೆಗೆಲ್ಲ ಹಂಚಿಕೆಯಾಗಿದೆ ಎಂದು ನೋಡಬೇಕು. ಜೋಡಿಸಿದವರ ಫೋನಿನಲ್ಲಿ ನಿಮ್ಮ ಕಣ ಇನ್ನೂ ಕಾಣುತ್ತಿರಬಹುದು.

ಇನ್ನೊಂದು ಮಾತು. ರೂಟರ್‌ನ ‘ವ್ಯಾನ್’ (ಹೊರಗಿನ ಸಂಪರ್ಕದ) ಪುಟದಲ್ಲಿ ನಿಮ್ಮ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ, ಕಂಪನಿಯವರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಅಲ್ಲಿ ಪೋರ್ಟ್ ತೆರೆದರೂ ಐಪಿವಿ4ರಲ್ಲಿ (ಇಂಥ ನಾಲ್ಕು ಸಂಖ್ಯೆಯ ವಿಳಾಸದ ಪದ್ಧತಿ) ಹೊರಗಿನಿಂದ ತಲುಪದು. ಅದಕ್ಕಾಗಿ ‘ಸ್ಟ್ಯಾಟಿಕ್ ಐಪಿ’ (ಬದಲಾಗದ ಸ್ವಂತ ವಿಳಾಸ) ಕೊಳ್ಳಿ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಕ್ಯಾಮೆರಾ ನೋಡಲು ಅದರ ಅಗತ್ಯವಿಲ್ಲ.

ಮೇಲ್ಮಹಡಿಯಲ್ಲಿ ಕಾಲೇಜು ಹುಡುಗರಿಗೆ ಬಾಡಿಗೆ ಕೊಟ್ಟಿದ್ದೇವೆ. ನಮ್ಮ ವೈಫೈಯನ್ನೇ ಅವರಿಗೂ ಕೊಟ್ಟಿದ್ದೇವೆ. ಮುಂದೇನಾದರೂ ಸಮಸ್ಯೆ ಬರಬಹುದೇ?
— ಓದುಗರು, ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ

ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಪೊಲೀಸರು ಮೊದಲು ಬರುವುದು ಅವರ ಮನೆಗೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸಂಬಂಧಿಸಿದ ಇಮೇಲ್‌ನ ಜಾಡು ಹಿಡಿದ ತನಿಖಾಧಿಕಾರಿಗಳು ತಲುಪಿದ್ದು ನವಿ ಮುಂಬೈಯ ಒಂದು ಫ್ಲ್ಯಾಟಿಗೆ. ಅಲ್ಲಿದ್ದವರ ವೈಫೈಗೆ ಭದ್ರತೆ ಇರಲಿಲ್ಲ, ಬೇರೆ ಯಾರೋ ಬಳಸಿದ್ದರು. ವಿಚಾರಣೆ ಎದುರಿಸಬೇಕಾದದ್ದು ಆ ಮನೆಯವರು.

ಹುಡುಗರ ಹೆಸರಿನಲ್ಲೇ ಬೇರೆ ಕನೆಕ್ಷನ್ ಹಾಕಿಸಿಕೊಳ್ಳಲು ಹೇಳುವುದು ಎಲ್ಲಕ್ಕಿಂತ ಒಳ್ಳೆಯದು. ಕೊಡಲೇಬೇಕೆಂದಿದ್ದರೆ ರೂಟರ್‌ನ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ ಅದರ ಪಾಸ್‌ವರ್ಡ್ ಮಾತ್ರ ಕೊಡಿ. ‘ಗೆಸ್ಟ್‌ಗಳು ಪರಸ್ಪರ ಕಾಣಲಿ’, ‘ಒಳಗಿನ ನೆಟ್‌ವರ್ಕ್ ಕಾಣಲಿ’ ಎಂಬ ಆಯ್ಕೆಗಳಿಗೆ ಟಿಕ್ ಇರಬಾರದು. ವೇಗದ ಮಿತಿ ಹಾಕುವ ಅವಕಾಶ ಇದ್ದರೆ ಬಳಸಿ. ಹುಡುಗರು ರೂಮು ಖಾಲಿ ಮಾಡಿದ ದಿನವೇ ಗೆಸ್ಟ್ ಪಾಸ್‌ವರ್ಡ್ ಬದಲಿಸಿ.

ಮೇಲ್ಮಹಡಿಗೆ ಸಿಗ್ನಲ್ ಸಾಲದೆಂದು ಎರಡನೇ ರೂಟರ್ ಹಾಕುವವರು ಒಂದು ಎಡವಟ್ಟು ಮಾಡುತ್ತಾರೆ. ನಿಮ್ಮ ರೂಟರ್‌ನಿಂದ ತಂತಿ ಎಳೆದು ಹುಡುಗರ ರೂಟರ್‌ನ ‘ವ್ಯಾನ್’ ಪೋರ್ಟಿಗೆ ಹಾಕಿದರೆ ಅವರು ಬೇರೆಯಾದರು ಎಂದುಕೊಳ್ಳುತ್ತಾರೆ. ಆಗುವುದು ತಿರುಗಾಮುರುಗಾ. ನಿಮಗೆ ಅವರ ಸಾಧನಗಳು ಕಾಣುವುದಿಲ್ಲ, ಅವರಿಗೆ ನಿಮ್ಮ ಪ್ರಿಂಟರ್, ಡಿವಿಆರ್ ಎಲ್ಲ ತೆರೆಯುತ್ತವೆ. ಏಕೆಂದರೆ ಎರಡನೇ ರೂಟರ್‌ಗೆ ನಿಮ್ಮ ಮನೆಯೂ ‘ಹೊರಗಿನ ಇಂಟರ್ನೆಟ್’ನ ಭಾಗವೇ. ಬಾಡಿಗೆಯವರನ್ನು ಮೊದಲ ರೂಟರ್‌ನಲ್ಲಿಟ್ಟು ನಿಮ್ಮ ಸಾಧನಗಳನ್ನು ಎರಡನೆಯದರ ಹಿಂದೆ ಇಡುವುದು ಸರಿಯಾದ ಕ್ರಮ. ಮೊದಲ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಬಳಿಯೇ ಇರಲಿ. ಎರಡನೆಯದನ್ನು ವೈಫೈ ಹರಡಲು ಮಾತ್ರ, ಅಂದರೆ ‘ಆ್ಯಕ್ಸೆಸ್ ಪಾಯಿಂಟ್’ ಆಗಿ ಬಳಸಿದರೆ ಕೆಲವು ಮಾದರಿಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಪ್ರತ್ಯೇಕವಾಗಿ ಉಳಿಯುವುದಿಲ್ಲ. ಗೆಸ್ಟ್‌ಗೆ ಜೋಡಿಸಿದ ಫೋನಿನಿಂದ ಡಿವಿಆರ್‌ನ ವಿಳಾಸ ತೆರೆದು ನೋಡಿ, ಬರದಿದ್ದರೆ ಸರಿ.

ಮನೆಯ ವೈಫೈಯಲ್ಲಿ ಬ್ಯಾಂಕಿನ ಪುಟ ತೆರೆದರೆ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಮೊಬೈಲ್ ಡೇಟಾದಲ್ಲಿ ಬರುವುದಿಲ್ಲ. ಮೂರೂ ಫೋನಿನಲ್ಲಿ ಹೀಗೇ ಆಗುತ್ತಿದೆ.
— ಓದುಗರು, ಹಿರಿಯೂರು

ಒಂದೇ ಫೋನಿನಲ್ಲಾಗಿದ್ದರೆ ತಾರೀಖು, ಸಮಯ ತಪ್ಪಿದೆಯೇ ನೋಡಿ ಎನ್ನುತ್ತಿದ್ದೆವು. ಮೂರರಲ್ಲೂ, ಅದೂ ವೈಫೈಯಲ್ಲಿ ಮಾತ್ರ ಆಗುತ್ತಿದೆ ಎಂದರೆ ಅನುಮಾನ ರೂಟರ್ ಮೇಲೆ. ಆ ಎಚ್ಚರಿಕೆ ದಾಟಿ ಮುಂದೆ ಹೋಗಬೇಡಿ, ವೈಫೈ ಆರಿಸಿ ಡೇಟಾದಲ್ಲೇ ಬ್ಯಾಂಕ್ ಕೆಲಸ ಮಾಡಿ.

ರೂಟರ್‌ನಲ್ಲಿ ಡಿಎನ್‌ಎಸ್ ಎಂಬ ವಿಳಾಸ ಎರಡು ಕಡೆ ಇರುತ್ತದೆ: ‘ವ್ಯಾನ್’ ಪುಟದಲ್ಲಿ ಒಂದು, ‘ಡಿಎಚ್‌ಸಿಪಿ’ ಅಥವಾ ‘ಲ್ಯಾನ್’ ಪುಟದಲ್ಲಿ ಇನ್ನೊಂದು. ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವುದು ಇದು. ಯಾರಾದರೂ ಇದನ್ನು ಬದಲಿಸಿದ್ದರೆ ನೀವು ಸರಿಯಾದ ಹೆಸರು ಹಾಕಿದರೂ ತಲುಪುವುದು ಅವರ ಪುಟಕ್ಕೆ. ಎರಡೂ ಕಡೆಯ ನಂಬರನ್ನು ಫೋಟೊ ತೆಗೆದಿಟ್ಟು, ಕಂಪನಿಗೆ ಫೋನ್ ಮಾಡಿ ‘ಇದು ನಿಮ್ಮದೇ?’ ಎಂದು ಕೇಳಿ. ಅಲ್ಲವೆಂದರೆ ‘ಆಟೊಮ್ಯಾಟಿಕ್’ ಮಾಡಿ, ಇಲ್ಲವೇ 1.1.1.1 ಮತ್ತು 8.8.8.8 ಹಾಕಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ರಿಮೋಟ್ ಮ್ಯಾನೇಜ್‌ಮೆಂಟ್ ಆರಿಸಿ, ಫರ್ಮ್‌ವೇರ್ (ರೂಟರ್ ಒಳಗಿನ ತಂತ್ರಾಂಶ) ಹೊಸದು ಮಾಡಿ. ಡಿಎನ್‌ಎಸ್ ಮಾತ್ರ ಸರಿಪಡಿಸಿ ಮಿಕ್ಕದ್ದನ್ನು ಬಿಟ್ಟರೆ ಬಂದ ದಾರಿಯಲ್ಲೇ ಮತ್ತೆ ಬರುತ್ತಾರೆ. ಫೋನ್‌ಗಳಲ್ಲಿ ಆಂಡ್ರಾಯ್ಡ್ 9ರಿಂದೀಚೆಗೆ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಆಯ್ಕೆ ಇದೆ. ಅಲ್ಲಿ ನಂಬಿಕೆಯ ಸೇವೆಯೊಂದರ ಹೆಸರು ಕೊಟ್ಟರೆ ರೂಟರ್‌ನ ಡಿಎನ್‌ಎಸ್ಸನ್ನು ಫೋನ್ ನೆಚ್ಚಿಕೊಳ್ಳುವುದಿಲ್ಲ.

ಆ ಪುಟದಲ್ಲಿ ಈಗಾಗಲೇ ಪಾಸ್‌ವರ್ಡ್ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ ಬದಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಅವಕಾಶ ಹೆಚ್ಚು. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು.

ನೆಂಟರು ಬಂದಾಗ ಪಾಸ್‌ವರ್ಡ್ ಹೇಳುವ ಬದಲು ಕ್ಯುಆರ್ ಕೋಡ್ ಪ್ರಿಂಟ್ ಮಾಡಿ ಹಾಲ್‌ನಲ್ಲಿ ಅಂಟಿಸಿದ್ದೇವೆ. ಪಾಸ್‌ವರ್ಡ್ ಗುಟ್ಟಾಗಿಯೇ ಉಳಿಯುತ್ತದಲ್ಲ?
— ಓದುಗರು, ಚಳ್ಳಕೆರೆ

ಉಳಿಯುವುದಿಲ್ಲ. ಆ ಕೋಡಿನೊಳಗೆ ವೈಫೈ ಹೆಸರು, ಪಾಸ್‌ವರ್ಡ್ ಇದ್ದದ್ದು ಇದ್ದ ಹಾಗೇ ಅಕ್ಷರಗಳಲ್ಲಿ ಇರುತ್ತದೆ. ಸಾಧಾರಣ ಸ್ಕ್ಯಾನರ್ ಆ್ಯಪ್‌ನಲ್ಲಿ ತೋರಿಸಿದರೆ ಓದಲೂ ಬರುತ್ತದೆ. ಹಾಲ್‌ನಲ್ಲಿ ತೆಗೆದ ಫೋಟೊದ ಹಿನ್ನೆಲೆಯಲ್ಲಿ ಅದು ಬಂದು, ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹೋದರೆ ಪಾಸ್‌ವರ್ಡೂ ಹೋದಂತೆ. ಗೆಸ್ಟ್ ನೆಟ್‌ವರ್ಕಿನ ಕೋಡ್ ಮಾತ್ರ ಮುದ್ರಿಸಿ, ಗೋಡೆಗೆ ಅಂಟಿಸದೆ ಡ್ರಾಯರ್‌ನಲ್ಲಿಟ್ಟು ಬೇಕಾದಾಗ ತೋರಿಸಿ.

ಹಳೆಯ ರೂಟರ್ ಚೆನ್ನಾಗಿಯೇ ಓಡುತ್ತಿದೆ. ಬದಲಿಸಲೇಬೇಕು ಅನ್ನುವುದು ಯಾವಾಗ?
— ಓದುಗರು, ಹರಿಹರ

ಓಡುತ್ತಿದೆ ಎಂಬುದು ಇಲ್ಲಿ ಅಳತೆಗೋಲಲ್ಲ. ರೂಟರ್ ಪುಟದಲ್ಲಿ ಫರ್ಮ್‌ವೇರ್‌ನ ತಾರೀಖು ನೋಡಿ, ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿ ಮತ್ತು ಹಾರ್ಡ್‌ವೇರ್ ವರ್ಷನ್ (ತಳದ ಸ್ಟಿಕ್ಕರ್‌ನಲ್ಲಿ ‘ವಿ2’, ‘ವಿ3’ ಎಂದಿರುತ್ತದೆ) ಹುಡುಕಿ. ಹೊಸ ಫರ್ಮ್‌ವೇರ್ ಇದ್ದರೆ ಹಾಕಿ. ವರ್ಷನ್ ತಪ್ಪಿದ ಫೈಲ್ ಹಾಕಿದರೆ ಬಾಕ್ಸ್ ಸತ್ತುಹೋಗಬಹುದು, ಹಾಕುವ ನಡುವೆ ಕರೆಂಟ್ ಹೋದರೂ ಅಷ್ಟೇ. ಯುಪಿಎಸ್ ಮೇಲಿಟ್ಟು ಮಾಡಿ. 2017ರಲ್ಲಿ ಡಬ್ಲ್ಯುಪಿಎ2ರಲ್ಲೇ ‘ಕ್ರ್ಯಾಕ್’ ಎಂಬ ಲೋಪ ಕಂಡುಬಂತು. ಅದಾದ ಮೇಲೆ ಒಂದೂ ಪರಿಷ್ಕರಣೆ ಬರದ ರೂಟರನ್ನೂ, ತಯಾರಕರು ಕೈಬಿಟ್ಟ ಮಾದರಿಯನ್ನೂ ಬದಲಿಸಿ. ಹೊಸದು ಕೊಳ್ಳುವಾಗ ಡಬ್ಬದ ಮೇಲೆ ಡಬ್ಲ್ಯುಪಿಎ3, ಗೆಸ್ಟ್ ನೆಟ್‌ವರ್ಕ್, ತಾನಾಗಿಯೇ ಅಪ್‌ಡೇಟ್ ಆಗುವ ಸೌಲಭ್ಯ ಇವೆಯೇ ನೋಡಿ. ಆಂಟೆನಾ ಎಷ್ಟಿವೆ ಎಂದು ಎಣಿಸಿ ಕೊಳ್ಳಬೇಡಿ.

ಹಳೆಯದನ್ನು ಗುಜರಿಗೆ ಹಾಕುವ ಅಥವಾ ಯಾರಿಗಾದರೂ ಕೊಡುವ ಮೊದಲು ಮಾತ್ರ ರೀಸೆಟ್ ಒತ್ತಲೇಬೇಕು. ಸೂಜಿ ಚುಚ್ಚಿ ಹತ್ತು ಸೆಕೆಂಡ್ ಹಿಡಿದು, ಲೈಟ್‌ಗಳೆಲ್ಲ ಒಮ್ಮೆ ಆರಿ ಹೊತ್ತಿಕೊಳ್ಳುವವರೆಗೆ ಕಾಯಿರಿ. ನಿಮ್ಮ ವೈಫೈ ಪಾಸ್‌ವರ್ಡ್, ಪಿಪಿಪಿಓಇ ಲಾಗಿನ್ ಎರಡೂ ಅದರೊಳಗೆ ಇರುತ್ತವೆ. ಕಂಪನಿಯದೇ ಬಾಕ್ಸ್ ಆಗಿದ್ದರೆ ಗುಜರಿಗೆ ಹಾಕದೆ ಅವರಿಗೇ ಮರಳಿಸಿ, ರಸೀದಿ ತೆಗೆದುಕೊಳ್ಳಿ; ಕನೆಕ್ಷನ್ ನಿಲ್ಲಿಸಿದ ಮೇಲೆ ಠೇವಣಿ ವಾಪಸ್ ಕೇಳುವಾಗ ಬೇಕಾಗುತ್ತದೆ.